ಗುಳ್ಳೆ ಎಲ್ಲಿದೆ, ಮೊದಲು ಅದನ್ನು ನೋಡಿ

ಚಳಿಗಾಲದ ಒಣ ಗಾಳಿ ಶುರುವಾದ ಮೇಲೆ ಬೀದರ ಜಿಲ್ಲೆಯ ಕಮಠಾಣದಂಥ ಊರುಗಳಲ್ಲಿ ಶಾಲೆಗೆ ಹೋಗುವ ಮಕ್ಕಳ ಮೊಣಕೈ, ಮೊಣಕಾಲ ಮೇಲೆ ಬೆರಳಾಡಿಸಿ ನೋಡಿ. ಕೆಲವರಲ್ಲಿ ತುರಿಮಣೆ ಸವರಿದಂತೆ ಕೈಗೆ ತಾಗುತ್ತದೆ. ಕೂದಲ ಬುಡದಲ್ಲಿ ಒಂದೊಂದು ಗಟ್ಟಿ ಗುಳ್ಳೆ, ಅದರ ನಡುವೆ ಚುಚ್ಚುವಂಥ ಒಣ ತುದಿ. ಕೀವಿಲ್ಲ, ನೋವಿಲ್ಲ, ತುರಿಕೆಯೂ ಅಷ್ಟಾಗಿ ಇರುವುದಿಲ್ಲ. ಮನೆಯವರು ಕೊಳೆ ಎಂದುಕೊಂಡು ಕಲ್ಲಿನಿಂದ ತಿಕ್ಕುತ್ತಾರೆ. ತಿಕ್ಕಿದಷ್ಟೂ ಚರ್ಮ ದಪ್ಪವಾಗುತ್ತದೆ.

ವೈದ್ಯರು ಇದಕ್ಕೆ ಫ್ರಿನೋಡರ್ಮಾ ಎನ್ನುತ್ತಾರೆ. ಉದುರಿಹೋಗಬೇಕಾದ ಸತ್ತ ಚರ್ಮ ಉದುರದೆ ಕೂದಲ ರಂಧ್ರದಲ್ಲೇ ಗಟ್ಟಿಯಾಗಿ ಕೂರುತ್ತದೆ. 1933ರಲ್ಲಿ ಇದನ್ನು ವಿವರಿಸಿದ ವೈದ್ಯ ನಿಕೋಲ್ಸ್, ಎ ಜೀವಸತ್ವದ ಕೊರತೆಯೇ ಕಾರಣ ಎಂದರು. 1947ರಲ್ಲಿ ಸಿ. ಗೋಪಾಲನ್, ಮುಂದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯನ್ನು ಮುನ್ನಡೆಸಿದವರು, ಊಟದಲ್ಲಿನ ಎಣ್ಣೆಯ ಕಡೆ ಗಮನ ಸೆಳೆದರು. ದೇಹ ತಾನೇ ತಯಾರಿಸಿಕೊಳ್ಳಲಾಗದ ಕೊಬ್ಬಿನಾಮ್ಲಗಳು ಕಡಿಮೆಯಾದಾಗಲೂ ಚರ್ಮ ಹೀಗಾಗುತ್ತದೆ. ಒಂದೇ ಕೊರತೆಯಲ್ಲ, ಹಲವು ಕೊರತೆಗಳ ಜೊತೆ ಉಜ್ಜಾಟವೂ ಸೇರುತ್ತದೆ ಎಂಬುದು ಈಗಿನ ತಿಳಿವಳಿಕೆ. ನೆಲಕ್ಕೆ, ಬೆಂಚಿಗೆ ಒತ್ತುವ ಜಾಗದಲ್ಲೇ ಗುಳ್ಳೆ ಹೆಚ್ಚಿರುವುದು ಅದಕ್ಕೇ.

ಇದಕ್ಕೆ ವೈದ್ಯರು ಜೀವಸತ್ವಗಳ ಜೊತೆ ಕೊಟ್ಟು ನೋಡಿದ ಎಣ್ಣೆಗಳಲ್ಲಿ ಒಂದು ನಮ್ಮ ಹೊಲದ್ದೇ: ಕುಸುಬೆ. ಬೀದರ, ಕಲಬುರಗಿಯ ಎರೆಹೊಲಗಳಲ್ಲಿ ಹಿಂಗಾರಿಗೆ ಬೆಳೆದು, ಗಾಣಕ್ಕೆ ಹಾಕಿಸಿ ವರ್ಷಪೂರ್ತಿ ಉಂಡ ಎಣ್ಣೆ. ಸಾಮಾನ್ಯ ಕುಸುಬೆ ಎಣ್ಣೆಯಲ್ಲಿ ಅಂಥ ಕೊಬ್ಬಿನಾಮ್ಲಗಳಲ್ಲೊಂದಾದ ಲಿನೋಲೆಯಿಕ್ ಆಮ್ಲ ಸುಮಾರು ಮುಕ್ಕಾಲು ಭಾಗ. ಅದರ ಜಾಗಕ್ಕೆ ಬಂದ ಪಾಕೀಟಿನ ಪಾಮ್ ಎಣ್ಣೆಯಲ್ಲಿ ಹತ್ತನೇ ಒಂದು ಭಾಗದಷ್ಟು. ಅಗ್ಗದ ಎಣ್ಣೆ ಕೊಳ್ಳುವವರನ್ನು ದೂರುವಂತಿಲ್ಲ, ಕುಸುಬೆಯ ಬೆಲೆ ಹಾಗಿದೆ. ಆದರೆ ಮಗುವಿನ ಊಟಕ್ಕಾದರೂ ಒಂದಿಷ್ಟು ಕುಸುಬೆ ಎಣ್ಣೆ, ಅಗಸಿ ಹಿಂಡಿ, ಸೊಪ್ಪು ಇರಲಿ. ಎ ಜೀವಸತ್ವದ ಮಾತ್ರೆಯನ್ನು ಮಾತ್ರ ನೀವೇ ತಂದು ನುಂಗಿಸಬೇಡಿ, ಹೆಚ್ಚಾದರೆ ಅದು ವಿಷ. ಗರ್ಭಿಣಿಯರಿಗಂತೂ ಅಪಾಯ. ಮಗು ಸಂಜೆಗತ್ತಲಲ್ಲಿ ಎಡವುತ್ತಿದ್ದರೆ ಕಣ್ಣಿಗೂ ಕೊರತೆ ತಟ್ಟಿರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಿ.

ತೋಳಿನ ಹೊರಬದಿಯಲ್ಲಿ ನವಿರೆದ್ದಂತೆ ಕಾಣುವ ಸಣ್ಣ ಗುಳ್ಳೆಗಳು ಬೇರೆ. ಹೆಚ್ಚಾಗಿ ವಂಶದಿಂದ ಬರುತ್ತವೆ, ನಿರುಪದ್ರವಿ. ಬೆಳ್ಳಿ ಬಣ್ಣದ ಹೊಟ್ಟು ಉದುರುವ ಕೆಂಪು ದಡಿಕೆ ಸೋರಿಯಾಸಿಸ್ ಇರಬಹುದು. ಅದು ಮುಟ್ಟಿದರೆ ಅಂಟುವುದಿಲ್ಲ. ನರಹುಲಿ ಅಂಟುತ್ತದೆ. ಅದಕ್ಕೆ ಸುಣ್ಣ ಹಚ್ಚಿ ಸುಟ್ಟುಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ.

ನಿಜವಾಗಿ ಹೆದರಬೇಕಾದದ್ದು ಅಂಗೈ, ಅಂಗಾಲಿನ ಗುಳ್ಳೆಗೆ. ಎಲ್ಲಕ್ಕೂ ಅಲ್ಲ, ದುಡಿವ ಕೈಗೆ ಜಡ್ಡು, ನಡೆವ ಕಾಲಿಗೆ ಆಣಿ ಇದ್ದದ್ದೇ. ಆದರೆ ಎರಡೂ ಅಂಗೈ, ಎರಡೂ ಅಂಗಾಲಿನ ತುಂಬ ಕಾಳುಕಾಳಾಗಿ ಗಟ್ಟಿ ಗುಳ್ಳೆ, ಎದೆ ಬೆನ್ನ ಮೇಲೆ ಮಳೆಹನಿ ಬಿದ್ದಂಥ ಕಪ್ಪು ಬಿಳಿ ಚುಕ್ಕೆ ಕಂಡರೆ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಇದೆಯೇ ಎಂದು ನೋಡಬೇಕು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಆದದ್ದು ಇದೇ. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರ 2013ರ ವರದಿಯಂತೆ, ತಪಾಸಣೆಗೆ ಒಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಚರ್ಮದಲ್ಲಿ ಆರ್ಸೆನಿಕ್ ಗುರುತುಗಳಿದ್ದವು. ಪಕ್ಕದ ಮಂಗಳೂರಿನಲ್ಲಿ (ಕರಾವಳಿಯದಲ್ಲ, ಅದೇ ಸೀಮೆಯ ಹಳ್ಳಿ) ಹಳೆಯ ಚಿನ್ನದ ಗಣಿಯಿದೆ. ಚಿನ್ನವಿರುವ ಬಂಡೆಗಳಲ್ಲಿ ಆರ್ಸೆನಿಕ್ ಇರುವುದುಂಟು, ಅದು ಅಂತರ್ಜಲಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಕುಡಿದ ಮೇಲೆ ಗುಳ್ಳೆ ಏಳುತ್ತದೆ, ಮುಂದೆ ಕ್ಯಾನ್ಸರಿಗೂ ತಿರುಗಬಹುದು. ನೀರಿಗೆ ಬಣ್ಣ, ವಾಸನೆ, ರುಚಿ ಏನೂ ವ್ಯತ್ಯಾಸವಿರುವುದಿಲ್ಲ. ಕುದಿಸಿದರೆ ಹೋಗುವುದಿಲ್ಲ. ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದೆಂಬುದು ಮಿತಿ.

ಕಮಠಾಣದ ಬೋರ್‌ವೆಲ್‌ಗಳನ್ನು ನೋಡಿ ಬೆಚ್ಚಿ ಎಂದು ಇದರ ಅರ್ಥವಲ್ಲ. ಒಂದೇ ಬೋರ್‌ವೆಲ್ ನೀರು ಕುಡಿಯುವ ಎರಡು ಮೂರು ಮನೆಗಳಲ್ಲಿ ಅಂಗೈ ಹೀಗಾಗಿದ್ದರೆ, ಮೆಡಿಕಲ್ ಅಂಗಡಿಯ ಸ್ಟೆರಾಯ್ಡ್ ಟ್ಯೂಬು ಹಚ್ಚುತ್ತ ಕೂರಬೇಡಿ. ಬೀದರಿನ ಬ್ರಿಮ್ಸ್ ಆಸ್ಪತ್ರೆಯಲ್ಲಿ ಚರ್ಮ ತೋರಿಸಿ, ಆರ್ಸೆನಿಕ್ ಪರೀಕ್ಷೆ ಎಂದು ಸ್ಪಷ್ಟವಾಗಿ ಬರೆದು ನೀರಿನ ತಪಾಸಣೆಗೆ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿ.