ಮೊದಲು ಮಾತು, ಆಮೇಲೆ ಕ್ಯಾಮೆರಾ
ಗುಬ್ಬಿಯಲ್ಲಿ ಹೊಸ ಮೊಬೈಲ್ ಕೊಳ್ಳುವವರೂ ಮೆಗಾಪಿಕ್ಸೆಲ್ ಕೇಳುತ್ತಾರೆಯೇ ಹೊರತು, ಮಾತು ನೆಟ್ಟಗೆ ಕೇಳಿಸುತ್ತದೆಯೇ ಎಂದು ವಿಚಾರಿಸುವುದು ಕಡಿಮೆ. ತೆಂಗಿನ ತೋಟಕ್ಕೆ ಹೋದಾಗ ಆ ಮೊಬೈಲಿನ ಬಂಡವಾಳ ಬಯಲಾಗುತ್ತದೆ. ತಿಪಟೂರಿನಿಂದ ಕೊಬ್ಬರಿ ಧಾರಣೆ ಹೇಳುವವರ ಮಾತು ‘ಕ್ವಿಂಟಾಲಿಗೆ ಇಪ್ಪತ್...’ ಅನ್ನುವಷ್ಟರಲ್ಲಿ ತುಂಡಾದರೆ, ಮುಂದಿನದು ಎರಡೋ ಎಂಟೋ? ಮಾತಿನ ಸ್ಪಷ್ಟತೆ ಜಾಲದ ಮೇಲೂ ನಿಂತಿದೆ: ಹಳೆಯ 2ಜಿ ಕರೆ ಸಾಮಾನ್ಯವಾಗಿ 300ರಿಂದ 3,400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಸಾಗಿಸುತ್ತಿತ್ತು. ಎರಡೂ ಕಡೆ ವೋಲ್ಟಿ (4ಜಿ ಜಾಲದಲ್ಲೇ ಮಾತು ಸಾಗಿಸುವ ವ್ಯವಸ್ಥೆ) ಇದ್ದರೆ ಆ ಮಿತಿ 7,000 ಹರ್ಟ್ಸ್‌ ಮುಟ್ಟಿ, ‘ಸ’, ‘ಶ’ಗಳೂ ಬಿಡಿಯಾಗಿ ಕೇಳುತ್ತವೆ. ಆದರೆ ಒಳ್ಳೆಯ ಮೈಕು, ಆಂಟೆನಾ ಇಲ್ಲದ ಫೋನಿಗೆ ಯಾವ ‘ಜಿ’ ಇದ್ದರೂ ಅಷ್ಟೇ. ಸ್ನೇಹಿತರ ಬಳಿ ಅದೇ ಮಾದರಿಯ ಫೋನಿದ್ದರೆ ನಿಮ್ಮ ಸಿಮ್ ಹಾಕಿ, ಬಸ್ಸಿನ ಹಾರ್ನ್ ನಡುವೆ ಒಂದು ಕರೆ ಮಾಡಿ. ಅತ್ತಲಿಂದ ಬರೀ ‘ಹಲೋ, ಹಲೋ’ ಬಂದರೆ ಬೇರೆ ಮಾದರಿ ನೋಡಿ.