ಕೇರಂ ಆಡುವ ಕೈ ಹೇಳುವ ಆರೋಗ್ಯ

ನಿಮ್ಮ ಮನೆಯಲ್ಲಿ ಕೇರಂ ಬೋರ್ಡು ಇದೆಯೆ? ಇದ್ದರೆ ಈಗ ಅದು ಎಲ್ಲಿದೆ? ಕಪಾಟಿನ ಹಿಂದೆಯೋ ಅಟ್ಟದ ಮೇಲೋ ಧೂಳು ತಿನ್ನುತ್ತಿದ್ದರೆ ಇಂದೇ ಕೆಳಗಿಳಿಸಿ ಒರೆಸಿ ಇಡಿ. ಈ ವಾರದ ಮಾತು ಅದರ ಬಗ್ಗೆಯೇ.

ಜಮಖಂಡಿ ತಾಲೂಕಿನ ಸಾವಳಗಿಯಿಂದ ಹಿಡಿದು ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರೆಗೆ ನಮ್ಮ ಭಾಗದಲ್ಲಿ ಆಟವೆಂದರೆ ಮೊದಲು ನೆನಪಾಗುವುದು ಕುಸ್ತಿ ಮತ್ತು ಭಾರದ ಕಲ್ಲು ಎತ್ತುವ ಪಂದ್ಯ. ತೋಳ್ಬಲಕ್ಕೆ ಜಾತ್ರೆಯಲ್ಲಿ ಜನ ಸೇರುತ್ತಾರೆ, ಹಲಗೆ ಬಾರಿಸುತ್ತಾರೆ. ಆದರೆ ಗೋಲಿ, ಬಗರಿ, ಚಿಣಿಪಣಿ, ಕೇರಂ ಇವೆಲ್ಲ ಹೊತ್ತು ಕಳೆಯುವ ಆಟಗಳೆಂಬ ಲೆಕ್ಕಕ್ಕೆ ಸೇರಿಬಿಡುತ್ತವೆ. ಚಹಾದಂಗಡಿಯ ಪಕ್ಕದಲ್ಲಿ ಸಂಜೆ ಬೋರ್ಡಿನ ಸುತ್ತ ಕುಳಿತವರನ್ನು ಕೇಳಿ, ಅವರೂ ಹಾಗೆಯೇ ಹೇಳುತ್ತಾರೆ: ‘ಸುಮ್ನ ಆಡತೀವ್ರೀ, ನಮಗೇನ ಬರತೈತಿ!’

ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾವ ಪಂದ್ಯಾವಳಿಗೂ ಹೋಗದ, ಯಾವ ಗುರುವಿನ ಬಳಿಯೂ ಕಲಿಯದ ಸಾಮಾನ್ಯ ಹವ್ಯಾಸಿಯ ಕೈಚಳಕ ಸಣ್ಣದಲ್ಲ. ಅದು ಅವರ ಕಣ್ಣು, ಮೆದುಳು, ನರ, ಬೆರಳುಗಳು ಒಟ್ಟಾಗಿ ಎಷ್ಟು ಚೆನ್ನಾಗಿ ದುಡಿಯುತ್ತಿವೆ ಎಂಬುದರ ವರದಿ. ಮನೆಯವರು ಈ ವರದಿಯನ್ನು ಓದಲು ಕಲಿಯಬೇಕು.

ಅದೃಷ್ಟವೋ, ಕೌಶಲವೋ?

ಸ್ಪ್ರಿಂಗು ಎಳೆದು ಬಿಟ್ಟರೆ ಗುಂಡು ಮೇಲೆ ಹಾರಿ, ಮೊಳೆಗಳಿಗೆ ತಾಗುತ್ತ ತಾಗುತ್ತ ಯಾವುದೋ ಒಂದು ಮನೆಯಲ್ಲಿ ಬೀಳುವ ಮರದ ಹಲಗೆಯ ಆಟಿಕೆಯನ್ನು ನಿಮ್ಮಲ್ಲಿ ಹಲವರು ಚಿಕ್ಕಂದಿನಲ್ಲಿ ಆಡಿರಬಹುದು. ಅದರ ದೊಡ್ಡಣ್ಣನೇ ಅಮೆರಿಕದ ಪಿನ್‌ಬಾಲ್ ಯಂತ್ರ. ಗುಂಡು ಎಲ್ಲಿ ಬೀಳುವುದೆಂಬುದು ಬರೀ ಅದೃಷ್ಟ, ಆದ್ದರಿಂದ ಇದು ಜೂಜು ಎಂದು ನ್ಯೂಯಾರ್ಕ್ ನಗರ 1942ರಲ್ಲಿ ಅದನ್ನು ನಿಷೇಧಿಸಿತು. 1947ರಲ್ಲಿ ಗುಂಡನ್ನು ಮರಳಿ ಮೇಲಕ್ಕೆ ಹೊಡೆಯುವ ಪುಟ್ಟ ಕೈಗಳು ಯಂತ್ರಕ್ಕೆ ಬಂದವು. ಆಟಗಾರನ ಬೆರಳಿಗೆ ಕೆಲಸ ಸಿಕ್ಕಿತು. ಆದರೂ ನಿಷೇಧ ಉಳಿಯಿತು. 1976ರಲ್ಲಿ ರೋಜರ್ ಶಾರ್ಪ್ ಎಂಬ ಯುವಕ ನಗರಸಭೆಯವರ ಎದುರಿಗೆ ಯಂತ್ರದ ಮುಂದೆ ನಿಂತು, ಗುಂಡು ಯಾವ ದಾರಿಯಲ್ಲಿ ಇಳಿಯುವುದೆಂದು ಮೊದಲೇ ಹೇಳಿ ಹಾಗೆಯೇ ಇಳಿಸಿ ತೋರಿಸಿದ. ಆ ವರ್ಷವೇ ನಿಷೇಧ ಹೋಯಿತು.

ಇದರಿಂದ ನಾವು ಕಲಿಯಬೇಕಾದದ್ದು ಇಷ್ಟು. ಒಂದೇ ಹೊಡೆತದಿಂದ ಅದೃಷ್ಟ ಯಾವುದು, ಕೌಶಲ ಯಾವುದು ಎಂದು ತಿಳಿಯುವುದಿಲ್ಲ. ಮೊದಲೇ ಹೇಳಿ ಹೊಡೆಯಬೇಕು, ಮತ್ತೆ ಮತ್ತೆ ಹೊಡೆಯಬೇಕು. ಹತ್ತರಲ್ಲಿ ಎಷ್ಟು ಎಂಬ ಲೆಕ್ಕವೇ ಕೌಶಲದ ಲೆಕ್ಕ.

ಬೆರಳಿನೊಳಗಿನ ಗಣಿತ

ಈಗ ಕೇರಂ ಬೋರ್ಡಿನತ್ತ ನೋಡಿ. ಆಡುವ ಹಾಸು 74 ಸೆಂಟಿಮೀಟರ್ ಚೌಕ. ನಾಲ್ಕು ಮೂಲೆಯ ಕುಳಿಗಳ ಅಗಲ ಸುಮಾರು 4.45 ಸೆಂಟಿಮೀಟರ್. ಕಾಯಿಯ ಅಗಲ 3 ಸೆಂಟಿಮೀಟರಿಗಿಂತ ತುಸು ಹೆಚ್ಚು. ಅಂದರೆ ಕಾಯಿ ಕುಳಿಗೆ ಬೀಳಲು ಇರುವ ಸಂದು ಒಂದೂಕಾಲು ಸೆಂಟಿಮೀಟರಿನ ಆಸುಪಾಸು. ಕಾಯಿಯ ತೂಕ 5ರಿಂದ 5.5 ಗ್ರಾಂ, ಸ್ಟ್ರೈಕರಿನದು ಹೆಚ್ಚೆಂದರೆ 15 ಗ್ರಾಂ. ಸ್ಟ್ರೈಕರ್ ಸುಮಾರು ಮೂರು ಪಟ್ಟು ಭಾರವಿರುವುದರಿಂದ ಕಾಯಿಗೆ ನೇರವಾಗಿ ಬಡಿದ ಮೇಲೂ ಅದು ನಿಲ್ಲದೆ ಹಿಂದೆಯೇ ಸಾಗುತ್ತದೆ. ಜೋರು ಹೆಚ್ಚಾದರೆ ತಾನೂ ಕುಳಿಗೆ ಬಿದ್ದು ದಂಡ ತರುತ್ತದೆ. ಕಡಿಮೆಯಾದರೆ ಕಾಯಿ ನಡುದಾರಿಯಲ್ಲೇ ನಿಲ್ಲುತ್ತದೆ.

ಚಹಾದಂಗಡಿಯ ಆಟಗಾರ ಈ ಅಂಕಿಗಳನ್ನು ಓದಿರುವುದಿಲ್ಲ. ಆದರೆ ಪೌಡರ್ ಎಷ್ಟು ಹರಡಿದೆ, ಹಲಗೆ ತೇವಕ್ಕೆ ಉಬ್ಬಿದೆಯೋ, ಯಾವ ಅಂಚಿನಲ್ಲಿ ಪುಟಿತ ಕಡಿಮೆ ಎಂಬುದೆಲ್ಲ ಅವನ ಬೆರಳಿಗೆ ಗೊತ್ತಿರುತ್ತದೆ. ರಬಕವಿ-ಬನಹಟ್ಟಿಯ ನೇಕಾರರನ್ನು ನೋಡಿ. ನೂಲು ಹರಿಯುವ ಮೊದಲೇ ಅದರ ಬಿಗಿ ಅವರ ಕೈಗೆ ತಿಳಿಯುತ್ತದೆ. ಎರಡೂ ಒಂದೇ ಬಗೆಯ ವಿದ್ಯೆ.

ತಲೆಯ ಹಿಂಭಾಗದಲ್ಲಿರುವ ಕಿರುಮೆದುಳಿಗೆ ಈ ವಿದ್ಯೆಯಲ್ಲಿ ದೊಡ್ಡ ಪಾಲಿದೆ. ಕೈ ಮಾಡಬೇಕೆಂದುಕೊಂಡದ್ದು ಏನು, ಆದದ್ದು ಏನು ಎಂಬುದನ್ನು ಹೋಲಿಸಿ ಮುಂದಿನ ಹೊಡೆತವನ್ನು ಅದು ತಿದ್ದುತ್ತದೆ. ಫಿಟ್ಸ್ ಮತ್ತು ಪೋಸ್ನರ್ ಎಂಬ ಮನೋವಿಜ್ಞಾನಿಗಳು 1967ರಲ್ಲಿ ಇಂಥ ಕಲಿಕೆಗೆ ಮೂರು ಮೆಟ್ಟಿಲುಗಳನ್ನು ಹೇಳಿದರು. ಮೊದಲು ಯೋಚಿಸಿ ಯೋಚಿಸಿ ಮಾಡುವುದು, ಆಮೇಲೆ ತಪ್ಪು ತಿದ್ದಿಕೊಳ್ಳುತ್ತ ಮಾಡುವುದು, ಕೊನೆಗೆ ಯೋಚನೆಯಿಲ್ಲದೆ ತಾನಾಗಿ ಆಗುವುದು. ‘ಹಾಡುತ್ತ ಹಾಡುತ್ತ ರಾಗ’ ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ.

ಹಾಗಾದರೆ ಹವ್ಯಾಸಿಗೂ ಚಾಂಪಿಯನ್ನರಿಗೂ ಅಂತರ ಎಲ್ಲಿ? ಚೆನ್ನೈಯ ಮರಿಯಾ ಇರುದಯಂ ಎರಡು ಸಲ ವಿಶ್ವ ಚಾಂಪಿಯನ್ ಆಗಿ 1996ರ ಅರ್ಜುನ ಪ್ರಶಸ್ತಿ ಪಡೆದವರು. ಅದೇ ಊರಿನ ಆಟೋ ಚಾಲಕರ ಮಗಳು ಖಾಜಿಮಾ 2024ರಲ್ಲಿ ಅಮೆರಿಕದಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಮೂರು ಚಿನ್ನ ಗೆದ್ದಳು. ಇಂಥ ಆಟಗಾರರು ಮೊದಲ ಸರದಿಯಲ್ಲೇ ತಮ್ಮ ಒಂಬತ್ತೂ ಕಾಯಿಗಳನ್ನು ರಾಣಿಯ ಸಮೇತ ಮುಗಿಸಿಬಿಡುವುದುಂಟು. ಅದಕ್ಕೆ ಸ್ಲ್ಯಾಮ್ ಎನ್ನುತ್ತಾರೆ. ನಮ್ಮ ಮನೆಯ ಆಟಗಾರ ಒಂದು ಸರದಿಗೆ ಸಾಲಾಗಿ ಮೂರು ಕಾಯಿ ಹಾಕಿದರೆ ಅಕ್ಕಪಕ್ಕದವರು ‘ಭಲೆ’ ಎನ್ನುತ್ತಾರೆ. ಆದರೆ ಕಷ್ಟದ ಹೊಡೆತ ಹವ್ಯಾಸಿಗೆ ಬಾರದೆಂದೇನಿಲ್ಲ. ಬಂದದ್ದು ಪ್ರತಿ ಸಲ ಬರುವುದಿಲ್ಲ, ಅಷ್ಟೇ. ಇನ್ನೊಂದು, ಈ ಕಾಯಿ ಹಾಕುವಾಗಲೇ ಮುಂದಿನ ಕಾಯಿಯ ಯೋಚನೆ ಅವನಿಗೆ ಇರುವುದಿಲ್ಲ. ಹಲವು ವರ್ಷ ಆಡಿದರೂ ಅನೇಕರು ನಿಂತಲ್ಲೇ ನಿಲ್ಲುವುದು ಇದರಿಂದ. ತಮಗೆ ಬರುವ ಹೊಡೆತವನ್ನೇ ಆಡುತ್ತಿರುತ್ತಾರೆ.

ಮೊಬೈಲಿನ ಕೇರಂ ಬೇರೆ

‘ನಮ್ಮ ಹುಡುಗ ಮೊಬೈಲಿನಲ್ಲಿ ಭಾರಿ ಕೇರಂ ಆಡತಾನ’ ಎಂದು ಹೇಳುವ ತಾಯಂದಿರಿದ್ದಾರೆ. ಅವನನ್ನು ನಿಜವಾದ ಬೋರ್ಡಿನ ಮುಂದೆ ಕೂಡಿಸಿ ನೋಡಿ. ಮೊಬೈಲಿನ ಆಟಗಳಲ್ಲಿ ಸಾಮಾನ್ಯವಾಗಿ ಗುರಿಯ ಗೆರೆಯನ್ನು ಪರದೆಯೇ ಎಳೆದು ತೋರಿಸುತ್ತದೆ. ಅಲ್ಲಿ ಸ್ಟ್ರೈಕರಿನ ಭಾರವಿಲ್ಲ, ಉಗುರಿಗೆ ತಾಗುವ ಪೆಟ್ಟಿಲ್ಲ, ಹಲಗೆಯ ಒರಟಿಲ್ಲ. ಎದುರಿಗೆ ಕುಳಿತ ಅಜ್ಜನ ನಗುವೂ ಇಲ್ಲ. ಹುಡುಗನಿಗೆ ಆ ಆಟ ಬರುತ್ತದೆ, ಸುಳ್ಳಲ್ಲ. ಆದರೆ ಅದು ಬೇರೆ ಆಟ. ಬೆರಳಿನ ತೂಕದ ಅರಿವು ನಿಜವಾದ ವಸ್ತುವನ್ನು ಮುಟ್ಟದೆ ಬರುವುದಿಲ್ಲ. ನಾಲ್ಕು ದಿನ ಬೋರ್ಡಿನಲ್ಲಿ ಸೋತು ಅಳಲಿ, ಬಿಡಿ. ಆ ಸೋಲಿನಲ್ಲೇ ಕಲಿಕೆ ಇದೆ. ‘ಬೋರ್ಡೇ ಸರಿ ಇಲ್ಲ’ ಎಂದರೆ ಮಾತ್ರ, ಕುಣಿಯಲಾರದವಳು ನೆಲ ಡೊಂಕು ಎಂದ ಗಾದೆಯನ್ನು ನೆನಪಿಸಿ!

ಮನೆಯಲ್ಲೇ ಅಳೆಯಿರಿ

ಒಂದು ಹಳೆಯ ನೋಟ್‌ಬುಕ್ಕು ತೆಗೆದುಕೊಳ್ಳಿ. ವಾರಕ್ಕೊಮ್ಮೆ, ಒಂದೇ ಬೋರ್ಡಿನ ಮೇಲೆ, ಒಂದೇ ಬೆಳಕಿನಲ್ಲಿ ಪ್ರತಿಯೊಬ್ಬರೂ ಇಪ್ಪತ್ತು ಹೊಡೆತ ಹೊಡೆಯಲಿ. ಐದು ನೇರ, ಐದು ಓರೆ, ಐದು ಅಂಚಿಗೆ ಬಡಿದು ಬರುವವು, ಐದು ಎಡಗೈಯವು. ಎಡಚರಾದರೆ ಕೊನೆಯ ಐದು ಬಲಗೈಯವು. ಕಾಯಿ ಇಡುವ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಮಾಡಿ. ಯಾವ ಕುಳಿ ಎಂಬುದನ್ನು ಹೊಡೆಯುವ ಮೊದಲೇ ಬಾಯಿಬಿಟ್ಟು ಹೇಳಬೇಕು. ಬೇರೆ ಕುಳಿಗೆ ಬಿದ್ದರೆ ಲೆಕ್ಕವಿಲ್ಲ. ಇಪ್ಪತ್ತರಲ್ಲಿ ಎಷ್ಟು ಎಂದು ತಾರೀಖಿನ ಸಮೇತ ಬರೆದಿಡಿ. ಪಕ್ಕದ ಮನೆಯವರ ಅಂಕಿ ನಿಮಗೆ ಬೇಡ. ನಿಮ್ಮ ಹೋದ ತಿಂಗಳ ಅಂಕಿಯೇ ನಿಮಗೆ ಹೋಲಿಕೆ.

ಹೊಡೆತ ಬದಲಿಸುತ್ತ ಆಡುವುದರಲ್ಲಿ ಅರ್ಥವಿದೆ. ಕೆರ್ ಮತ್ತು ಬೂತ್ ಎಂಬವರು 1978ರಲ್ಲಿ ಮಕ್ಕಳಿಂದ ಪುಟ್ಟ ಕಾಳಿನ ಚೀಲಗಳನ್ನು ಗುರಿಗೆ ಎಸೆಯಿಸಿ ನೋಡಿದರು. ಎಂಟು ವರ್ಷದ ಮಕ್ಕಳಲ್ಲಿ ಒಂದು ಗುಂಪು 3 ಅಡಿಯಿಂದ ಮಾತ್ರ ಅಭ್ಯಾಸ ಮಾಡಿತು. ಇನ್ನೊಂದು 2 ಮತ್ತು 4 ಅಡಿಯಿಂದ ಮಾಡಿತು. ಕೊನೆಗೆ 3 ಅಡಿಯಿಂದ ಪರೀಕ್ಷೆ ಇಟ್ಟಾಗ ಆ ದೂರದಿಂದ ಎಸೆದೇ ಇರದ ಎರಡನೆಯ ಗುಂಪೇ ಚೆನ್ನಾಗಿ ಎಸೆಯಿತು. ಇನ್ನೊಂದು ಸಂಗತಿ: ಬಾಸ್ಕೆಟ್‌ಬಾಲ್ ಆಟಗಾರರ ಕಣ್ಣಿನ ಚಲನೆಯನ್ನು ಅಳೆದ ಜೋನ್ ವಿಕರ್ಸ್ ಅವರು 1996ರಲ್ಲಿ ತೋರಿಸಿದಂತೆ, ಗುರಿ ಚೆನ್ನಾಗಿರುವವರ ದೃಷ್ಟಿ ಎಸೆಯುವ ಮುನ್ನ ಒಂದೇ ಕಡೆ ಹೆಚ್ಚು ಹೊತ್ತು ನಿಲ್ಲುತ್ತದೆ. ಆದ್ದರಿಂದ ಅವಸರ ಬೇಡ. ನೋಡಿ, ನಿಲ್ಲಿ, ಹೊಡೆಯಿರಿ.

ವಯಸ್ಸಾದವರಿಗೆ ಇನ್ನೇನು ಕಲಿಕೆ ಎನ್ನಬೇಡಿ. ಮೂರು ಚೆಂಡುಗಳನ್ನು ಒಂದಾದ ಮೇಲೊಂದು ಎಸೆದು ಹಿಡಿಯುವ ಆಟವನ್ನು ಮೂರು ತಿಂಗಳು ಕಲಿತವರ ಮೆದುಳಿನ ಕೆಲವು ಭಾಗ ತುಸು ದಪ್ಪವಾದದ್ದನ್ನು ಜರ್ಮನಿಯ ಸಂಶೋಧಕರು 2004ರಲ್ಲಿ ವರದಿ ಮಾಡಿದರು. 2008ರಲ್ಲಿ ಅರವತ್ತರ ಆಸುಪಾಸಿನವರಲ್ಲೂ ಇಂಥ ಬದಲಾವಣೆ ಕಂಡಿತು. ಆದರೆ ಅಭ್ಯಾಸ ಬಿಟ್ಟಾಗ ಆ ಗಳಿಕೆ ಇಳಿಯಿತು. ಇಳಿವಯಸ್ಸಿನ ಮೆದುಳೂ ಕಲಿಯುತ್ತದೆ, ಅಭ್ಯಾಸ ಬಿಟ್ಟರೆ ಮರೆಯುತ್ತದೆ.

ಗುರಿ ತಪ್ಪತೊಡಗಿದರೆ

ಈ ಅಂಕಿಗಳ ನಿಜವಾದ ಉಪಯೋಗ ಈಗ ಹೇಳುತ್ತೇನೆ. ಒಂದು ದಿನ ಗುರಿ ತಪ್ಪಿದರೆ ಗಾಬರಿ ಬೇಡ. ನಿದ್ದೆಗೆಟ್ಟರೂ, ಜ್ವರ ಬಂದರೂ, ಮನಸ್ಸು ಸರಿಯಿಲ್ಲದಿದ್ದರೂ ತಪ್ಪುತ್ತದೆ. ಆದರೆ ಹಲವು ವರ್ಷ ಚೆನ್ನಾಗಿ ಆಡಿದವರ ಅಂಕಿ ವಾರದಿಂದ ವಾರಕ್ಕೆ ಇಳಿಯುತ್ತ ಹೋದರೆ ‘ವಯಸ್ಸಾಯ್ತು’ ಎಂದು ಸುಮ್ಮನಾಗಬೇಡಿ.

ದೂರದ ಕಾಯಿ ಮಸುಕಾಗಿ ಕಾಣುವುದು, ದೀಪದ ಬೆಳಕು ಕಣ್ಣಿಗೆ ಚುಚ್ಚುವುದು, ಬಣ್ಣ ಮಂಕಾಗುವುದು ಇದ್ದರೆ ಕಣ್ಣಿನ ಪೊರೆ ಇರಬಹುದು. ಪರೀಕ್ಷೆ ಮಾಡಿಸಿ. ಬೆರಳ ತುದಿ ಜುಮ್ಮೆನ್ನುವುದು, ಮರಗಟ್ಟುವುದು, ಸ್ಟ್ರೈಕರ್ ತಾಗಿದ್ದೇ ತಿಳಿಯದಿರುವುದು ಇದ್ದರೆ ರಕ್ತದ ಸಕ್ಕರೆ ನೋಡಿಸಿ. ಮಣಿಕಟ್ಟಿನಲ್ಲಿ ನರ ಒತ್ತಿದರೂ ಹೀಗಾಗುತ್ತದೆ. ಸುಮ್ಮನೆ ತೊಡೆಯ ಮೇಲಿಟ್ಟ ಕೈ ನಡುಗುತ್ತಿದ್ದರೆ, ನಡಿಗೆಯೂ ನಿಧಾನವಾಗಿದ್ದರೆ ನರರೋಗ ತಜ್ಞರನ್ನು ಕಾಣಿರಿ. ಬೇಗ ಗೊತ್ತಾದರೆ ಇವುಗಳಲ್ಲಿ ಬಹುಪಾಲಿಗೆ ಉಪಾಯವಿದೆ.

ಆಡುತ್ತಿದ್ದಂತೆಯೇ ಕೈ ಇದ್ದಕ್ಕಿದ್ದಂತೆ ಬಲ ಕಳೆದುಕೊಂಡರೆ, ಬಾಯಿ ಒಂದು ಕಡೆ ವಾರೆಯಾದರೆ, ಮಾತು ತೊದಲಿದರೆ ಅದು ಲಕ್ವದ ಲಕ್ಷಣ. ತಿಕ್ಕುವುದು, ಎಣ್ಣೆ ಹಚ್ಚುವುದು, ‘ನಾಳೆ ನೋಡೋಣ’ ಎನ್ನುವುದು ಯಾವುದೂ ಬೇಡ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹಳ್ಳಿಯಿಂದ ಪಟ್ಟಣ ಮುಟ್ಟುವುದಕ್ಕೇ ಹೊತ್ತು ಹೋಗುತ್ತದೆ. ತಕ್ಷಣ 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಿರಿ. ಲಕ್ಷಣ ಎಷ್ಟು ಗಂಟೆಗೆ ಶುರುವಾಯಿತು ಎಂಬುದನ್ನು ವೈದ್ಯರಿಗೆ ಹೇಳಿ.

ಆಡಲು ಕೂಡುವ ಮುನ್ನ

ಬೋರ್ಡನ್ನು ನೆಲದ ಮೇಲಿಟ್ಟು ಬಗ್ಗಿ ಬಗ್ಗಿ ಆಡಬೇಡಿ. ಬೆನ್ನು, ಕತ್ತು, ಮೊಣಕಾಲು ಮೂರಕ್ಕೂ ತ್ರಾಸು. ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕುಳಿತು ಆಡಿ. ಬೆಳಕು ಮೇಲಿನಿಂದ ಬೀಳಲಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಬೆರಳ ಗಿಣ್ಣು ನೋಯುತ್ತಿದ್ದರೆ ಕೆಲವು ದಿನ ಬಿಡಿ.

ಬೋರ್ಡಿಗೆ ಹಾಕುವ ಪೌಡರ್ ಅನೇಕ ಕಡೆ ಬೋರಿಕ್ ಪುಡಿಯಾಗಿರುತ್ತದೆ. ಜಿರಳೆ ಕೊಲ್ಲಲು ಬಳಸುವುದೂ ಇದನ್ನೇ. ಹೊಟ್ಟೆಗೆ ಹೋದರೆ ವಿಷ, ಅದರಲ್ಲೂ ಕೂಸುಗಳಿಗೆ. ಡಬ್ಬಿ ಮಕ್ಕಳ ಕೈಗೆ ಸಿಗದಿರಲಿ. ಬಾಯಿಂದ ಊದಬೇಡಿ. ಆಡುವಾಗ ಚುರಮುರಿ ಮುಕ್ಕಬೇಡಿ, ಆಡಿದ ಮೇಲೆ ಸೋಪಿನಿಂದ ಕೈ ತೊಳೆದೇ ಊಟಕ್ಕೆ ಕೂಡಿ.

ಕೇರಂ ನಡಿಗೆಗೆ ಬದಲಿಯಲ್ಲ. ಹೃದಯಕ್ಕೆ ಬೇಕಾದ ವ್ಯಾಯಾಮ ಅದರಿಂದ ಸಿಗುವುದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆ ಬೇರೆ ಇರಲೇಬೇಕು. ಬೋರ್ಡಿನ ಪಕ್ಕದಲ್ಲಿ ಗುಟಕಾ ಚೀಟಿ, ಬೀಡಿ, ಪಂದ್ಯದ ದುಡ್ಡು ಬಂದ ದಿನ ಆ ಆಟ ಆರೋಗ್ಯದ ಆಟವಾಗಿ ಉಳಿಯುವುದಿಲ್ಲ. ಕೌಶಲದ ಆಟ ಎಂಬುದು ದುಡ್ಡು ಕಟ್ಟಲು ನೆಪವಾಗಬಾರದು.

ಕೊನೆಗೊಂದು ಮಾತು. ಓಣಿಯ ಬೋರ್ಡಿನ ಸುತ್ತ ಹೆಚ್ಚಾಗಿ ಗಂಡಸರೇ ಕಾಣುತ್ತಾರೆ. ಮನೆಯ ಬೋರ್ಡಿಗಾದರೂ ಅಜ್ಜಿ, ಅವ್ವ, ಸೊಸೆ, ಮಗಳು ಎಲ್ಲರೂ ಕೂಡಲಿ. ರೊಟ್ಟಿ ಬಡಿಯುವ ಕೈಗೆ, ನೂಲು ಸುತ್ತುವ ಕೈಗೆ ಸ್ಟ್ರೈಕರ್ ಕಷ್ಟವೇನಲ್ಲ. ನೋಟ್‌ಬುಕ್ಕಿನಲ್ಲಿ ಅವರ ಹೆಸರಿಗೂ ಒಂದು ಪುಟ ಇರಲಿ. ತನ್ನ ಬೆರಳು ಮರಗಟ್ಟುತ್ತಿದೆ ಎಂದು ಬಾಯಿಬಿಟ್ಟು ಹೇಳದ ತಾಯಿಯ ಸಂಗತಿಯನ್ನು ಆ ಪುಟವಾದರೂ ಹೇಳೀತು.