ಎಲೆಚುಕ್ಕಿ: ವಿಜ್ಞಾನಿಗಳ ಮಾತು ತೋಟಕ್ಕೆ ಇಳಿಯೋದು ಯಾವಾಗ?

ಕಮ್ಮರಡಿ: ಅಡಿಕೆ ಸೋಗೆ ಮೇಲೆ ಚುಕ್ಕಿ ಕಂಡರೆ ಬೆಳೆಗಾರ ಮೊದಲು ಓಡೋದು ಔಷಧಿ ಅಂಗಡಿಗೆ. ಅಲ್ಲಿ ಕೊಟ್ಟಿದ್ದೇ ಔಷಧಿ, ಹೇಳಿದ್ದೇ ಪ್ರಮಾಣ. ಹಾಗಂತ ತಜ್ಞರೇನು ದೂರ ಇಲ್ಲ. ಶೃಂಗೇರಿಯಲ್ಲಿ ಅಡಿಕೆ ಸಂಶೋಧನಾ ಕೇಂದ್ರವಿದೆ, ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕೆ ವಿವಿ ಇದೆ.

1908ರಲ್ಲಿ ಮೈಸೂರಿಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗ ಅಧ್ಯಯನ ಮಾಡಿ, ಬೋರ್ಡೋ ದ್ರಾವಣವನ್ನು ಮಲೆನಾಡಿನ ತೋಟಗಳಿಗೆ ತಲುಪಿಸಿದರು. ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಈ ಲೆಕ್ಕ ಇವತ್ತು ಕೊನೆಗಾರರಿಗೂ ಬಾಯಿಪಾಠ.

ಎಲೆಚುಕ್ಕಿ ಹಾಗಲ್ಲ. ಶಿಲೀಂಧ್ರ ಮಳೆ-ಗಾಳಿಯಲ್ಲಿ ಹರಡುತ್ತೆ. ಗೊನೆಗೆ ಹೊಡೆದರೆ ಸಾಲದು, ಸೋಗೆಗೂ ಹೊಡೀಬೇಕು. ಒಬ್ಬರು ಹೊಡೆದು ಪಕ್ಕದ ತೋಟದವರು ಬಿಟ್ಟರೆ ರೋಗ ಮತ್ತೆ ಬರುತ್ತೆ. ಹಾಗಾಗಿ ಇದು ಇಡೀ ಊರಿಗೆ ಒಟ್ಟಿಗೆ ಹೇಳಬೇಕಾದ ವಿಷಯ.

ಸಭಾಂಗಣದ ವಿಚಾರ ಸಂಕಿರಣದಿಂದ ಇದು ಆಗೋ ಕೆಲಸವಲ್ಲ. ಮಳೆಗಾಲಕ್ಕೆ ಮುಂಚೆ ರೋಗ ಬಂದ ತೋಟದಲ್ಲೇ, ಕೊನೆಗಾರರನ್ನೂ ಔಷಧಿ ಅಂಗಡಿಯವರನ್ನೂ ಜೊತೆಗೆ ನಿಲ್ಲಿಸಿಕೊಂಡು ವಿಜ್ಞಾನಿಗಳು ತೋರಿಸಿಕೊಡಬೇಕು. ಅಡಿಕೆ ಕೈಕೊಟ್ಟರೆ ಪೇಟೆಯ ಬಟ್ಟೆ ಅಂಗಡಿ, ದಿನಸಿ ಅಂಗಡಿ ವ್ಯಾಪಾರವೂ ಕೂತಂತೆಯೇ.